ಧೂತೆಯ ರತ್ನಾವಳಿ ಯಾರದು?

ಸಂಸ್ಕೃತ ನಾಟಕಗಳ ಆಭರಣಗಳನ್ನು ಕುರಿತು ತರಗತಿಗಳಲ್ಲಿಯೂ ಸಂಪ್ರಬಂಧಗಳಲ್ಲಿಯೂ ಒಂದು ಸಿದ್ಧ ಉತ್ತರ ರೂಢಿಯಾಗಿದೆ: ಉಂಗುರ ಪ್ರೇಮದ ಸಂಕೇತ, ಹಾರ ಪಾತಿವ್ರತ್ಯದ ಸಂಕೇತ. ಉತ್ತರ ಸುಲಭವಾದುದು, ಆದರೆ ನಾಟಕದ ಪಠ್ಯ ಅದನ್ನು ಒಪ್ಪುವುದಿಲ್ಲ.

ಶೂದ್ರಕನ ‘ಮೃಚ್ಛಕಟಿಕ’ವನ್ನೇ ನೋಡಬಹುದು. ವಸಂತಸೇನೆ ಚಾರುದತ್ತನಲ್ಲಿ ಒಪ್ಪಿಸಿದ್ದ ಒಡವೆಗಳು ಕಳುವಾದಾಗ ಅವನ ಪತ್ನಿ ಧೂತೆ ತನ್ನ ರತ್ನಾವಳಿಯನ್ನು ಕೊಡಲು ಮುಂದಾಗುತ್ತಾಳೆ. ಅದು ತವರಿನಿಂದ ಬಂದುದೆಂದು ಅವಳೇ ಹೇಳುತ್ತಾಳೆ. ಗಂಡ ನೇರವಾಗಿ ಸ್ವೀಕರಿಸಲಾರನೆಂದರಿತು, ವ್ರತದ ದಾನವೆಂಬ ನೆಪದಲ್ಲಿ ಮೈತ್ರೇಯನ ಕೈಗೆ ಇಡುತ್ತಾಳೆ. ಹೆಂಡತಿಯ ದ್ರವ್ಯದಿಂದ ಮಾನ ಕಾಯ್ದುಕೊಳ್ಳಬೇಕಾಯಿತಲ್ಲ ಎಂದು ಚಾರುದತ್ತ ಕುಗ್ಗುತ್ತಾನೆ. ಹಾರ ಬರಿಯ ಸಂಕೇತವಾಗಿದ್ದರೆ ಆ ನೆಪವೇಕೆ, ಈ ಸಂಕೋಚವೇಕೆ? ಅದು ಅವಳ ಸ್ವತ್ತೆಂಬುದು ಇಬ್ಬರಿಗೂ ಗೊತ್ತು. ಇಂಥ ಪತ್ನಿಯುಳ್ಳ ತಾನು ಬಡವನಲ್ಲವೆಂದು ಚಾರುದತ್ತ ಅನಂತರ ಸಮಾಧಾನ ತಂದುಕೊಳ್ಳುತ್ತಾನೆ, ನಿಜ. ಗಂಡನ ಈ ಸಮಾಧಾನವನ್ನೇ ವಿಮರ್ಶಕರು ನಾಟಕದ ತಾತ್ಪರ್ಯವೆಂದು ಬಗೆದಿದ್ದಾರೆ.

ಅದೇ ನಾಟಕದಲ್ಲಿ ವಸಂತಸೇನೆ ಮಗುವಿನ ಮಣ್ಣಿನ ಬಂಡಿಗೆ ವಾತ್ಸಲ್ಯದಿಂದ ತುಂಬಿದ ಒಡವೆಗಳು ನ್ಯಾಯಸಭೆಯಲ್ಲಿ ಮೈತ್ರೇಯನಿಂದ ಜಾರಿ ಬಿದ್ದೊಡನೆ ಕೊಲೆಯ ಸಾಕ್ಷ್ಯವಾಗುತ್ತವೆ. ಒಡವೆಗೆ ಸ್ಥಿರವಾದ ಸಂಕೇತಾರ್ಥವಿಲ್ಲ; ತೀರ್ಪು ಕೊಡುವವರು ಕಂಡದ್ದೇ ಅದರ ಅರ್ಥ.

ಶಾಕುಂತಲದ ಉಂಗುರವೂ ಹೀಗೆಯೇ. ಮಹಾಭಾರತದ ಶಕುಂತಲೆಗೆ ಉಂಗುರವಿಲ್ಲ; ಅವಳು ರಾಜಸಭೆಯಲ್ಲಿ ನಿಂತು ತನ್ನ ಮಾತಿನಿಂದಲೇ ವಾದಿಸುತ್ತಾಳೆ. ಕಾಳಿದಾಸನ ಶಕುಂತಲೆಯೂ ಮಾತನಾಡುತ್ತಾಳೆ, ಸಿಟ್ಟಾಗುತ್ತಾಳೆ. ಆದರೆ ಬೆರಳು ಬರಿದಾಗಿರುವುದರಿಂದ ಮಾತು ನಿಲ್ಲುವುದಿಲ್ಲ. ಹೆಣ್ಣಿನ ನುಡಿಗಿಂತ ಲೋಹದ ತುಣುಕು ಹೆಚ್ಚು ನಂಬಿಕೆಗೆ ಅರ್ಹವಾದ ಆ ಸಭೆಯನ್ನು ಪ್ರೇಮಸಂಕೇತವೆಂಬ ಮಾತಿನಿಂದ ಮುಚ್ಚಿಹಾಕುವುದು ವಿಮರ್ಶೆಯಲ್ಲ.

ಈ ಚರ್ಚೆಗೆ ಬೇಕಾದ ವಿವೇಕಕ್ಕಾಗಿ ಕಲಬುರಗಿಯವರು ದೂರ ಹೋಗಬೇಕಿಲ್ಲ. ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಹೆಸರಾದುದು. 6ನೆಯ ವಿಕ್ರಮಾದಿತ್ಯನ (1076–1126) ಕಾಲದ ಅವನ ‘ಮಿತಾಕ್ಷರಾ’, ಸ್ತ್ರೀಧನವೆಂಬುದು ಪಾರಿಭಾಷಿಕ ಶಬ್ದವಲ್ಲ, ಯೌಗಿಕ ಶಬ್ದ ಎನ್ನುತ್ತದೆ. ಅಂದರೆ ಹೆಣ್ಣಿನ ಧನವೇ ಸ್ತ್ರೀಧನ. ನೇರವಾದ ಅರ್ಥ ಹೊಂದುವಲ್ಲಿ ವಿಶೇಷ ಪರಿಭಾಷೆ ಸಲ್ಲದು. ಧರ್ಮಶಾಸ್ತ್ರದ ವ್ಯಾಖ್ಯಾನಕಾರನೊಬ್ಬ ಪಾಲಿಸಿದ ಈ ಸಂಯಮವನ್ನು ಸಾಹಿತ್ಯದ ಸಂಶೋಧಕರೂ ಪಾಲಿಸಲಿ. ಒಡವೆ ಏನನ್ನು ಸೂಚಿಸುತ್ತದೆ ಎಂದು ಬರೆಯುವ ಮುನ್ನ, ಅದು ಯಾರದು ಎಂದು ಕೇಳಲಿ.