ನಕಲು ಇದ್ದರೆ ಸಾಲದು, ಮರಳಿ ಬರಬೇಕು

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳಲ್ಲಿ ಈಗೀಗ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ: "ಕಂಪ್ಯೂಟರ್ ಕೆಟ್ಟರೆ ನಮ್ಮ ಲೆಕ್ಕದ ಗತಿ ಏನು?" ವೇದಿಕೆಯ ಉತ್ತರವೂ ಸಿದ್ಧವಾಗಿರುತ್ತದೆ: "ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿದೆ." ಅಲ್ಲಿಗೆ ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ. ಈ ಉತ್ತರವನ್ನು ಒಪ್ಪಿ ಸದಸ್ಯ ಬಾಂಧವರು ಸುಮ್ಮನೆ ಕೂರಬಾರದು ಎಂಬುದು ನಮ್ಮ ಅಭಿಪ್ರಾಯ.

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕಾಗಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಅದಕ್ಕೂ ಮೊದಲೇ ಅನೇಕ ಸಂಘಗಳು ತಮ್ಮ ಖರ್ಚಿನಲ್ಲೇ ಕಂಪ್ಯೂಟರ್ ತಂದುಕೊಂಡಿದ್ದವು. ಕಿರ್ದಿ, ಖತಾವಣಿಯ ಬೈಂಡು ಪುಸ್ತಕಗಳು ಅಟ್ಟ ಸೇರುತ್ತಿವೆ. ಸದಸ್ಯರು ತಂದು ಹಾಕಿದ ರಾಶಿ ಎಷ್ಟು, ಬೆಟ್ಟೆ ಎಷ್ಟು, ಕಾಫಿ ಚೆರ್ರಿಯ ಔಟ್‌ಟರ್ನ್ ಎಷ್ಟು, ಗೊಬ್ಬರದ ಬಾಕಿ ಎಷ್ಟು, ಬೆಳೆಸಾಲವನ್ನು ಗಡುವಿನೊಳಗೆ ತೀರಿಸಿದ್ದಾರೆಯೇ ಎಂಬುದೆಲ್ಲ ಈಗ ಯಂತ್ರದ ಹೊಟ್ಟೆಯಲ್ಲಿದೆ. ಬಡ್ಡಿ ರಿಯಾಯಿತಿ ಸಿಗುವುದೂ ತಪ್ಪುವುದೂ ಆ ಒಂದು ದಿನಾಂಕದ ಮೇಲೆ. ದೊಡ್ಡ ಎಸ್ಟೇಟಿಗೆ ತನ್ನದೇ ಗುಮಾಸ್ತರಿದ್ದಾರೆ. ಎರಡು ಎಕರೆ ತೋಟದವರಿಗೆ ಸಂಘದ ಲೆಕ್ಕವೇ ಲೆಕ್ಕ.

ನೆಟ್‌ವರ್ಕ್ ಬ್ಯಾಕಪ್ ಎಂದರೆ ಏನೆಂದು ಸರಳವಾಗಿ ಹೇಳುವುದಾದರೆ, ಕಚೇರಿಯ ಪ್ರತಿ ಕಂಪ್ಯೂಟರಿನಲ್ಲಿ ಒಂದು ಸಣ್ಣ ತಂತ್ರಾಂಶ ಕುಳಿತಿರುತ್ತದೆ. ನಿಗದಿತ ಹೊತ್ತಿಗೆ ಅದು ಆ ಯಂತ್ರದ ಕಡತಗಳನ್ನು ತಂತಿಯ ಮೂಲಕ ಸಂಗ್ರಹ ಯಂತ್ರಕ್ಕೆ ಕಳುಹಿಸುತ್ತದೆ. ಲೆಕ್ಕದ ಕಂಪ್ಯೂಟರ್ ವಿಂಡೋಸ್ ಆಗಿದ್ದು, ಸಂಗ್ರಹದ ಪೆಟ್ಟಿಗೆ ಲಿನಕ್ಸ್ ಆಗಿರುವುದು ಸಾಮಾನ್ಯ. ಎರಡೂ ಆಪರೇಟಿಂಗ್ ಸಿಸ್ಟಮ್‌ಗಳು ತಮ್ಮಷ್ಟಕ್ಕೆ ಒಳ್ಳೆಯವೇ. ಆದರೆ ಎರಡರ ಶಿಸ್ತು ಬೇರೆ. ಬ್ಯಾಕಪ್ಪಿನ ಹೆಚ್ಚಿನ ತಾಪತ್ರಯಗಳು ಹುಟ್ಟುವುದು ಆ ಎರಡು ಶಿಸ್ತುಗಳು ಸಂಧಿಸುವ ಜಾಗದಲ್ಲಿ.

ಮೊದಲನೆಯದು, ತೆರೆದಿರುವ ಕಡತ. ಲೆಕ್ಕದ ತಂತ್ರಾಂಶ ಬಳಸುತ್ತಿರುವ ಕಡತವನ್ನು ವಿಂಡೋಸ್ ಹಲವು ವೇಳೆ ಬೇರೆಯವರಿಗೆ ಮುಟ್ಟಲು ಬಿಡುವುದಿಲ್ಲ. ಆ ಕ್ಷಣದ ಪಡಿಯಚ್ಚು ತೆಗೆದುಕೊಳ್ಳುವ ಏರ್ಪಾಡು ವಿಂಡೋಸ್‌ನಲ್ಲಿಯೇ ಇದೆ. ಅದನ್ನು ಬಳಸದಿದ್ದರೆ ಮುಖ್ಯ ಕಡತವನ್ನೇ ಬಿಟ್ಟು ಉಳಿದದ್ದೆಲ್ಲ ನಕಲಾಗುತ್ತದೆ. ಲಿನಕ್ಸ್ ಸಾಮಾನ್ಯವಾಗಿ ತಡೆಯುವುದಿಲ್ಲ, ಆದರೆ ಬರೆಯುತ್ತಿರುವಾಗಲೇ ನಕಲು ತೆಗೆದರೆ ಅರ್ಧ ಹಳೆಯದು, ಅರ್ಧ ಹೊಸದು ಸೇರಿದ ಕಡತ ಸಿಗುತ್ತದೆ. ಎರಡಕ್ಕೂ ಮದ್ದು ಒಂದೇ: ಲೆಕ್ಕದ ತಂತ್ರಾಂಶದಿಂದಲೇ ಮೊದಲು ಪೂರ್ಣ ಪ್ರತಿ ಹೊರಡಿಸಿ, ಆ ಪ್ರತಿಯನ್ನು ಬ್ಯಾಕಪ್ಪಿಗೆ ಕೊಡುವುದು.

ಎರಡನೆಯದು, ಹೆಸರು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಲಿನಕ್ಸ್ ಬೇರೆ ಬೇರೆ ಎಂದು ತಿಳಿಯುತ್ತದೆ. ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದು ತಿಳಿಯುತ್ತದೆ. ಲಿನಕ್ಸ್‌ನಲ್ಲಿದ್ದ ಅಂಥ ಎರಡು ಕಡತಗಳನ್ನು ವಿಂಡೋಸ್‌ಗೆ ಮರಳಿಸುವಾಗ ಒಂದರ ಮೇಲೊಂದು ಕುಳಿತು, ಒಂದು ಅಳಿಸಿಹೋಗಬಹುದು. ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ವಿಂಡೋಸ್ ಒಪ್ಪುವುದೇ ಇಲ್ಲ.

ಮೂರನೆಯದು, ಹಳೆಯ ಪೆಟ್ಟಿಗೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶವು ವಿಂಡೋಸ್‌ನ ಹಳೆಯ ಕಡತ ಹಂಚಿಕೆ ಪದ್ಧತಿಯಾದ ಎಸ್‌ಎಂಬಿ ಮೊದಲನೇ ಆವೃತ್ತಿಯ ಲೋಪದ ಮೂಲಕ ಪ್ರಪಂಚವೆಲ್ಲ ಹರಡಿತು. ಅದೇ ವರ್ಷದ ಕೊನೆಯಿಂದ ಹೊಸ ವಿಂಡೋಸ್ ಪ್ರತಿಗಳಲ್ಲಿ ಆ ಪದ್ಧತಿಯನ್ನು ತಾನಾಗಿ ಅಳವಡಿಸುವುದು ನಿಂತಿತು. ಅದೊಂದೇ ಪದ್ಧತಿ ಬಲ್ಲ ಹಳೆಯ ಸಂಗ್ರಹ ಪೆಟ್ಟಿಗೆಗಳು ಹೊಸ ಕಂಪ್ಯೂಟರಿಗೆ ಕಾಣದೇ ಹೋದದ್ದು ಹೀಗೆ. ಕೆಲಸ ಆಗಲಿ ಎಂದು ಹಳೆಯ ಪದ್ಧತಿಯನ್ನು ಮತ್ತೆ ತೆರೆದುಕೊಡುವ ರಿಪೇರಿಯವರಿದ್ದಾರೆ. ಅದು ಬೇಲಿ ಕಿತ್ತು ದಾರಿ ಮಾಡಿದಂತೆ. ಪೆಟ್ಟಿಗೆಯನ್ನು ಬದಲಾಯಿಸುವುದೇ ಸರಿ.

ನಾಲ್ಕನೆಯದು ನಮ್ಮ ಕನ್ನಡದ್ದು. ಯೂನಿಕೋಡ್ ಬರುವ ಮೊದಲಿನ ನುಡಿ ಅಕ್ಷರಗಳಲ್ಲಿ ಬರೆದಿಟ್ಟ ಹಳೆಯ ಠರಾವುಗಳು, ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತವೆ. ಕಡತ ಕೆಟ್ಟಿತೆಂದು ಯಾರೂ ಅದನ್ನು ಅಳಿಸಬಾರದು. ಆ ಅಕ್ಷರಗಳನ್ನೂ ಬ್ಯಾಕಪ್ಪಿನ ಜೊತೆಗೇ ಇಡಬೇಕು. ಬಿಡುವು ಮಾಡಿಕೊಂಡು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಬ್ಯಾಕಪ್ ನಿಂತಾಗ ದೋಷ ಹುಡುಕುವುದಕ್ಕೂ ಒಂದು ಕ್ರಮವಿದೆ. ಆ ಹೊತ್ತಿಗೆ ಕರೆಂಟ್ ಇತ್ತೇ, ಯಂತ್ರ ನಿದ್ರೆಗೆ ಜಾರಿತ್ತೇ? ಸಂಗ್ರಹ ಯಂತ್ರದ ವಿಳಾಸ ಬದಲಾಗಿದೆಯೇ? ಗುಪ್ತಪದ ಬದಲಿಸಿದವರು ಬ್ಯಾಕಪ್ ತಂತ್ರಾಂಶಕ್ಕೂ ಹೊಸದನ್ನು ಕೊಟ್ಟಿದ್ದಾರೆಯೇ? ಫೈರ್‌ವಾಲ್ ತಡೆಯುತ್ತಿದೆಯೇ? ಡಿಸ್ಕಿನಲ್ಲಿ ಜಾಗವಿದೆಯೇ? ಎರಡು ಯಂತ್ರಗಳ ಗಡಿಯಾರ ಒಂದೇ ಹೊತ್ತು ತೋರಿಸುತ್ತಿವೆಯೇ? ಬಾಹ್ಯ ಡಿಸ್ಕು ಫ್ಯಾಟ್32 ಮಾದರಿಯದಾಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಕೂರುವುದಿಲ್ಲ ಎಂಬುದೂ ನೆನಪಿರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಎಲ್ಲವನ್ನೂ ಒಟ್ಟಿಗೆ ತಿರುಚಿದರೆ ಮುಂದಿನ ಸಲ ಯಾವುದರಿಂದ ಸರಿಹೋಯಿತೆಂದು ಯಾರಿಗೂ ತಿಳಿಯದು.

ಇಷ್ಟೆಲ್ಲ ಸರಿಯಿದ್ದರೂ ನಂಬುವಂತಿಲ್ಲ ಎನ್ನುವುದಕ್ಕೆ ಜಗಜ್ಜಾಹೀರಾದ ಒಂದು ಉದಾಹರಣೆಯಿದೆ. ತಂತ್ರಾಂಶ ತಯಾರಕರಿಗೇ ಸೇವೆ ಒದಗಿಸುವ ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ 2017ರ ಜನವರಿ 31ರಂದು ಮುಖ್ಯ ದತ್ತಾಂಶ ಕೈತಪ್ಪಿ ಅಳಿಸಿಹೋಯಿತು. ನಕಲು ಇಡಲು ಅವರಲ್ಲಿ ಐದು ಬಗೆಯ ಏರ್ಪಾಡುಗಳಿದ್ದವು. ಬೇಕಾದ ದಿನ ಅವುಗಳಲ್ಲಿ ಒಂದೂ ಭರವಸೆಯಿಂದ ಒದಗಲಿಲ್ಲ. ನಿತ್ಯದ ನಕಲು ತೆಗೆಯುವ ತಂತ್ರಾಂಶದ ಆವೃತ್ತಿ ದತ್ತಾಂಶದ ಆವೃತ್ತಿಗೆ ಹೊಂದದೆ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳೂ ಯಾರಿಗೂ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿಯಿಂದ ಅವರು ಬಚಾವಾದರು. ಪರಿಣತರ ಕಂಪನಿಯಲ್ಲಿ ಇಂಥದ್ದು ನಡೆದಿರುವಾಗ, ಒಬ್ಬ ಗುಮಾಸ್ತರಿರುವ ಸಂಘದ ಕಚೇರಿ ಎಚ್ಚರ ತಪ್ಪುವಂತಿಲ್ಲ.

"ಲೆಕ್ಕವೆಲ್ಲ ಕ್ಲೌಡಿನಲ್ಲಿದೆ, ನಮಗೇಕೆ ಈ ಚಿಂತೆ?" ಎನ್ನುವ ನಿರ್ದೇಶಕರಿದ್ದಾರೆ. ಕಡತಗಳನ್ನು ಎರಡೂ ಕಡೆ ಒಂದೇ ಸಮನಾಗಿಡುವ ವ್ಯವಸ್ಥೆಯಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಹಳೆಯ ಪ್ರತಿಗಳನ್ನು ಎಷ್ಟು ದಿನ ಉಳಿಸುತ್ತಾರೆ ಎಂದು ಕೇಳಿ ತಿಳಿಯಬೇಕು. ಸದಾ ತಂತಿಗೆ ಅಂಟಿಕೊಂಡಿರುವ ಡಿಸ್ಕನ್ನು ಸುಲಿಗೆ ತಂತ್ರಾಂಶವೂ ಹಾಳು ಮಾಡಬಲ್ಲದು, ಮಳೆಗಾಲದ ಸಿಡಿಲೂ ಸುಡಬಲ್ಲದು. ಒಂದು ಪ್ರತಿಯಾದರೂ ತಂತಿ ಕಳಚಿ, ಬೇರೆ ಕಟ್ಟಡದಲ್ಲಿರಬೇಕು.

ನಮ್ಮ ಸದಸ್ಯರಿಗೆ ಪರೀಕ್ಷೆ ಎಂಬುದು ಹೊಸದಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೂ ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ, ಅಲಗಿಗೆ ತಾಮ್ರದ ಕೆಂಪು ಹತ್ತುವುದಿಲ್ಲವೆಂದು ಕಂಡ ಮೇಲೆಯೇ ಮರಕ್ಕೆ ಹೊಡೆಸುತ್ತೇವೆ. ಬ್ಯಾಕಪ್ಪಿಗೆ ಆ ಚಾಕು ಎಂದರೆ ಮರುಸ್ಥಾಪನೆ: ನಕಲನ್ನು ಬೇರೊಂದು ಯಂತ್ರಕ್ಕೆ ಮರಳಿ ಇಳಿಸಿ, ತೆರೆದು ಓದುವುದು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಮೂರು ತಿಂಗಳಿಗೊಮ್ಮೆ, ಇಬ್ಬರು ನಿರ್ದೇಶಕರ ಎದುರಿನಲ್ಲಿ, ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ಮರಳಿಸಬೇಕು. ಚೀಟಿ ಎತ್ತಿ ಮೂವರು ಸದಸ್ಯರ ಖಾತೆ ಆರಿಸಿ, ಅವರ ಪಾಸ್‌ಪುಸ್ತಕದೊಡನೆ ತಾಳೆ ನೋಡಬೇಕು. ಎಷ್ಟು ಹೊತ್ತು ಹಿಡಿಯಿತು, ಏನು ಬರಲಿಲ್ಲ ಎಂಬುದು ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು. ಇದಕ್ಕೆ ವರ್ಷದಲ್ಲಿ ನಾಲ್ಕು ಅರ್ಧ ದಿನ ಸಾಕು. ಹೊಸ ತಂತ್ರಾಂಶ ಕೊಳ್ಳುವ ಮಾತು ಆಮೇಲಿನದು.

ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಮುಚ್ಚಿ ಫಲವಿಲ್ಲ. ಮುಂದಿನ ಮಹಾಸಭೆಯಲ್ಲಿ ಸದಸ್ಯರು "ಬ್ಯಾಕಪ್ ಆಗುತ್ತಿದೆಯೇ?" ಎಂದು ಕೇಳುವ ಬದಲು "ಕೊನೆಯ ಸಲ ಯಾವ ತಾರೀಖಿನಂದು ಮರಳಿಸಿ ನೋಡಿದಿರಿ?" ಎಂದು ಕೇಳಲಿ. ತಾರೀಖು ಹೇಳುವ ಹೊಣೆ ಕಾರ್ಯದರ್ಶಿಯದು, ಆಡಳಿತ ಮಂಡಳಿಯದು.