ಬಾಣದ ಗುರುತು ಸಾಲದು

ಘಟಪ್ರಭೆಯ ಕಾಲುವೆಯಲ್ಲಿ ನೀರು ನಿಂತರೆ ಮುಧೋಳ, ಜಮಖಂಡಿಗಳ ಕಬ್ಬಿನ ಎಲೆಗಳು ಸುರುಳಿ ಸುತ್ತಿಕೊಳ್ಳುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಆಗ ಕಣ್ಣಿಗೆ ಕಾಣದ ಇನ್ನೊಂದು ಕೆಲಸವೂ ನಡೆದಿರುತ್ತದೆ: ಎಲೆಯ ಮೇಲಿನ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತಿರುತ್ತವೆ. ನೀರಿಲ್ಲವೆಂಬ ಸುದ್ದಿಯನ್ನು ಅವಕ್ಕೆ ಮುಟ್ಟಿಸುವುದು ಅಬ್ಸಿಸಿಕ್ ಆಮ್ಲವೆಂಬ ಸಣ್ಣದೊಂದು ಅಣು.

ಈ ಸುದ್ದಿಯ ದಾರಿಯನ್ನು ಕರಿಹಲಗೆಯ ಮೇಲೆ ನಾಲ್ಕು ಹೆಸರು, ಮೂರು ಬಾಣಗಳಲ್ಲಿ ಬರೆದು ಮುಗಿಸುವುದೇ ವಾಡಿಕೆ. ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಒಂದು ಇನ್ನೊಂದನ್ನು ತಡೆಯುವುದೇಕೆಂದು ಕೇಳಿದರೆ ಸುಮ್ಮನಾಗುತ್ತಾರೆ. ತಪ್ಪು ಅವರದಲ್ಲ. ಬಾಣಕ್ಕೆ ಆಕಾರವಿಲ್ಲ, ಕಾರಣವಿರುವುದೋ ಆಕಾರದಲ್ಲಿ.

2009ರಲ್ಲಿ ಐದು ಸಂಶೋಧಕ ತಂಡಗಳು, ಈ ಆಮ್ಲವನ್ನು ಹಿಡಿಯುವ ಪ್ರೋಟೀನಿನ ಹರಳುಗಳ ಮೇಲೆ ಕ್ಷ-ಕಿರಣ ಹಾಯಿಸಿ ಅದರ ರಚನೆಯನ್ನು ಪ್ರಕಟಪಡಿಸಿದವು. ಅದು ಕಬ್ಬಿನದಲ್ಲ, ಅರಾಬಿಡಾಪ್ಸಿಸ್ ಎಂಬ ಸಾಸಿವೆಯ ಕುಲದ ಪುಟ್ಟ ಗಿಡದ್ದು. ಪ್ರೋಟೀನಿನಲ್ಲೊಂದು ಪೊಟರೆ. ಆಮ್ಲವು ಒಳಹೊಕ್ಕೊಡನೆ ಪೊಟರೆಯ ಬಾಯಲ್ಲಿರುವ ಕುಣಿಕೆಯೊಂದು ಕದದಂತೆ ಮುಚ್ಚುತ್ತದೆ. ಮುಚ್ಚಿದ ಕದದ ಹೊರಮೈಗೆ ಫಾಸ್ಫಟೇಸ್ ಎಂಬ ಇನ್ನೊಂದು ಪ್ರೋಟೀನು ಬಂದು ಕೂಡಿ, ತನ್ನ ಟ್ರಿಪ್ಟೊಫ್ಯಾನ್ ಕೊಂಡಿಯನ್ನು ಅಗಳಿಯಂತೆ ತೂರಿಸುತ್ತದೆ. ಸ್ವಾರಸ್ಯವೆಂದರೆ, ಅಗಳಿ ಹಾಕಿದವನೇ ಇಲ್ಲಿ ಸೆರೆಯಾಳು: ಫಾಸ್ಫಟೇಸಿನ ಕೆಲಸದ ತಾಣವು ಅದೇ ಕದಕ್ಕೆ ಸಿಕ್ಕಿ ಮುಚ್ಚಿಹೋಗುತ್ತದೆ. ಅದುವರೆಗೆ ಅದು ಅದುಮಿಟ್ಟಿದ್ದ ಕೈನೇಸ್ ಬಿಡುಗಡೆ ಹೊಂದಿ, ರಂಧ್ರದ ಕಾವಲು ಕೋಶಗಳಿಂದ ಅಯಾನುಗಳು ಹೊರಬೀಳುವಂತೆ ಮಾಡುತ್ತದೆ. ಅವುಗಳ ಹಿಂದೆಯೇ ನೀರೂ ಹೊರಡುತ್ತದೆ. ಕೋಶಗಳು ಸೊರಗುತ್ತವೆ, ರಂಧ್ರ ಮುಚ್ಚುತ್ತದೆ.

ಇಷ್ಟು ತಿಳಿದುದರ ಫಲವೇನು? 2015ರಲ್ಲಿ ವಿಜ್ಞಾನಿಗಳು ಆ ಪೊಟರೆಯನ್ನೇ ತಿದ್ದಿ, ಮ್ಯಾಂಡಿಪ್ರೊಪಮಿಡ್ ಎಂಬ ಶಿಲೀಂಧ್ರನಾಶಕಕ್ಕೂ ಅದು ಓಗೊಡುವಂತೆ ಮಾಡಿದರು. ಔಷಧ ಸಿಂಪಡಿಸಿದಾಗ ಅಂಥ ಗಿಡಗಳು ನೀರನ್ನು ಉಳಿಸಿಕೊಂಡು ಬರವನ್ನು ತಾಳಿದವು. ಬರಿಯ ಬಾಣಗಳನ್ನು ನೋಡುತ್ತ ಕುಳಿತವರಿಗೆ ಇದು ಸಾಧ್ಯವಿತ್ತೆ? ಕಬ್ಬಿಗೆ ಈ ಉಪಾಯ ನಾಳೆಯೇ ಬಂದೀತೆಂದು ನಾವು ಹೇಳೆವು. ರಂಧ್ರ ಮುಚ್ಚಿದ ಎಲೆಗೆ ಇಂಗಾಲದ ಡೈಆಕ್ಸೈಡು ಸಾಲದೆ ಸಕ್ಕರೆಯ ತಯಾರಿಕೆಯೂ ಕುಗ್ಗುತ್ತದೆಯಷ್ಟೆ. ರೈತನಿಗೆ ಅದೂ ನಷ್ಟವೇ.

ಅಣುಗಳ ಆಕಾರವು ಬೆಂಗಳೂರಿನ ದೊಡ್ಡ ಪ್ರಯೋಗಶಾಲೆಗಳ ಸೊತ್ತು, ಬೀಳಗಿಯ ಶಾಲೆಗೆ ಅದೇಕೆ ಎನ್ನುವವರುಂಟು. ಈ ಮಾತನ್ನು ನಾವು ಒಪ್ಪಲಾರೆವು. 1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಇಂಥ ರಚನೆಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಮೊಬೈಲಿನ ಪರದೆಯ ಮೇಲೆಯೇ ತಿರುಗಿಸಿ ನೋಡಬಹುದು. ಹಾಸುಹೊಕ್ಕುಗಳ ಎಣಿಕೆಯಿಂದ ಸೀರೆಯ ಅಂಚಿನಲ್ಲಿ ಚಿತ್ರ ಮೂಡುವುದನ್ನು ಮನೆಯಲ್ಲೇ ಕಂಡು ಬೆಳೆದ ರಬಕವಿ-ಬನಹಟ್ಟಿಯ ಮಕ್ಕಳಿಗೆ, ಅಮೈನೋ ಆಮ್ಲಗಳ ಸರಪಳಿ ಮಡಿಚಿಕೊಂಡು ಕದವಾಗುವ ಸಂಗತಿ ಅಷ್ಟೇನೂ ವಿಚಿತ್ರವಾಗಿ ತೋರಲಾರದು.