ಸಿಸ್ಟರನ್ನ ದೇವತೆ ಅನ್ನಬೇಡಿ



ಮೇ 12 ಬಂತು ಅಂದ್ರೆ ಕಡೂರು, ತರೀಕೆರೆ, ಅಜ್ಜಂಪುರ, ಎಲ್ಲಾ ಕಡೆ ವಾಟ್ಸಾಪಲ್ಲಿ ಅದೇ ಪೋಸ್ಟರ್. ದೀಪ ಹಿಡಿದ ನೈಟಿಂಗೇಲ್, ಪಕ್ಕದಲ್ಲಿ ಕೈ ಮುಗಿದ ಲೀಡರ್, ಕೆಳಗೆ 'ದಾದಿಯರೆಂಬ ದೇವತೆಗಳು'. ನನ್ನ ತಕರಾರು ಇರೋದೇ ಆ 'ದೇವತೆ' ಅನ್ನೋ ಪದದ ಮೇಲೆ.

ಅವ್ವನನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದಾಗ ನಾಲ್ಕು ರಾತ್ರಿ ವಾರ್ಡಲ್ಲಿದ್ದೆ. ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್. ಅವ್ವನ ಕೈಯಲ್ಲಿ ನರ ಸಿಗ್ತಿರಲಿಲ್ಲ. ಆಯಮ್ಮ ಮಂಚದ ಪಕ್ಕ ಕೂತು, ಕೈ ಉಜ್ಜಿ ಉಜ್ಜಿ, 'ಈ ಸಲ ರಾಗಿ ಹೆಂಗಮ್ಮ ಬಂದಿದೆ?' ಅಂತ ಮಾತಾಡಿಸ್ತಾನೇ ಸೂಜಿ ಹಾಕಿದ್ರು. ಬೆಳಗಿನ ಜಾವ ಅವ್ವ ವಾಂತಿ ಮಾಡ್ಕೊಂಡಾಗ ಮುಖ ಸಿಂಡರಿಸದೆ ಬಾಯಿ ಒರೆಸಿದ್ರು. 'ಅಣ್ಣಾ, ಹೋಗಿ ಟೀ ಕುಡಿದು ಬನ್ನಿ, ನಾನಿದೀನಿ' ಅಂದ್ರು ನನಗೆ. ಅವರು ಆಚೆ ಹೋದಮೇಲೆ ಅವ್ವ ಮೆಲ್ಲಗೆ ಕೇಳಿದ್ಲು: 'ಆ ಮಗೀಗೆ ನಾವು ಯಾವ ಜನ ಅಂತ ಗೊತ್ತಾ?'

ಕಂಡವರ ಹೊಲದಲ್ಲಿ ದುಡಿದು, ಎತ್ತಿ ಹುಯ್ದ ನೀರಿಗೆ ಬೊಗಸೆಯೊಡ್ಡಿ ಬದುಕಿದವಳ ಪ್ರಶ್ನೆ ಅದು. ಸಂವಿಧಾನದ 17ನೇ ವಿಧಿ ಕೊಟ್ಟ ಮಾತು ಅವಳ ಮೈಗೆ ತಲುಪಿದ್ದು ಆ ಸಿಸ್ಟರ್ ಕೈಯಿಂದ.

ಆದ್ರೂ ನಾನು ಅವರನ್ನ ದೇವತೆ ಅನ್ನಲ್ಲ. ದೇವತೆ ಅಂದ್ಬಿಟ್ರೆ ಮುಗೀತು. ದೇವತೆಗೆ ಸಂಬಳ ಬೇಡ, ನಿದ್ದೆ ಬೇಡ, ಮುಷ್ಕರ ಮಾಡೋ ಹಕ್ಕೂ ಇಲ್ಲ. ಪೌರಕಾರ್ಮಿಕರಿಗೆ ಶಾಲು ಹೊದಿಸಿ, ಕಾಯಂ ಮಾಡಿ ಅಂದ್ರೆ ಮುಖ ತಿರುಗಿಸೋ ಬುದ್ಧಿನೇ ಇದು. ಈ ಆಟ ನಮಗೆ ಹೊಸದಲ್ಲ.

2020ರ ಮಾರ್ಚಲ್ಲಿ ತಟ್ಟೆ ಬಡಿದ್ರಿ. 2023ರಲ್ಲಿ ಎನ್‌ಎಚ್‌ಎಂ ಗುತ್ತಿಗೆ ನೌಕರರು ಕಾಯಂ ಮಾಡಿ ಅಂತ ಫ್ರೀಡಂ ಪಾರ್ಕಲ್ಲಿ ಕೂತಾಗ ಆ ತಟ್ಟೆಗಳು ಎಲ್ಲಿದ್ವು? ಎಷ್ಟೇ ಸಣ್ಣ ಖಾಸಗಿ ಆಸ್ಪತ್ರೆಯಾದ್ರೂ ನರ್ಸ್‌ಗೆ ತಿಂಗಳಿಗೆ 20 ಸಾವಿರಕ್ಕಿಂತ ಕಡಿಮೆ ಕೊಡಬಾರದು ಅಂತ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ರಚಿಸಿದ ಸಮಿತಿ ಶಿಫಾರಸು ಮಾಡಿದ್ದು 2016ರಲ್ಲಿ. ನಿಮ್ಮೂರ ನರ್ಸಿಂಗ್ ಹೋಮಲ್ಲಿ ಎಷ್ಟು ಕೊಡ್ತಾರೆ, ಒಮ್ಮೆ ವಿಚಾರಿಸಿ ನೋಡಿ.

ನಮ್ಮವರಿಗೂ ಒಂದು ಮಾತು. ಡಾಕ್ಟ್ರು ಇಲ್ಲ, ಬೆಡ್ ಇಲ್ಲ, ಶಿವಮೊಗ್ಗಕ್ಕೆ ಹೋಗಿ ಅಂದ್ರು ಅಂತ ನಾವು ಕೂಗಾಡೋದು ಯಾರ ಮೇಲೆ? ಎದುರಿಗೆ ಸಿಕ್ಕ ಸಿಸ್ಟರ್ ಮೇಲೆ. ಹುದ್ದೆ ಖಾಲಿ ಬಿಟ್ಟವನು ಅಲ್ಲಿರಲ್ಲ, ಪೋಸ್ಟರಲ್ಲಿರ್ತಾನೆ.

ಪೋಸ್ಟರ್ ಹಾಕಲೇಬೇಕು ಅಂದ್ರೆ ಸಾವಿತ್ರಿಬಾಯಿ ಫುಲೆ ಫೋಟೋ ಹಾಕಿ. ಪುಣೆಯಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡ್ತಾ, ಅದೇ ರೋಗ ತಗುಲಿ 1897ರ ಮಾರ್ಚ್ 10ರಂದು ಹೋದ ತಾಯಿ ಅವರು.

ಆಮೇಲೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಮ್ಮ ಮೂರೂ ಊರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮಂಜೂರಾದ ನರ್ಸ್ ಹುದ್ದೆ ಎಷ್ಟು? ಭರ್ತಿ ಎಷ್ಟು? ಗುತ್ತಿಗೆ ಎಷ್ಟು? ರಾತ್ರಿ ಪಾಳಿಯಲ್ಲಿ ಒಬ್ಬರಿಗೆ ಎಷ್ಟು ರೋಗಿ? ನಾನು ಅರ್ಜಿ ಬರೆದಿಟ್ಟಿದೀನಿ. ಜೊತೆಗೆ ಬರೋರು ಹೇಳಿ.

ನನ್ನವ್ವನಿಗೆ ಸಿಕ್ಕ ಆ ಕೈ ಅದೃಷ್ಟದ ಮಾತಾಗಬಾರದು. ಅದು ಹಕ್ಕು. ರೋಗಿಗೂ, ಸಿಸ್ಟರ್‌ಗೂ.

ಜೈಭೀಮ್.